ಹೆರಿಗೆಗಳು ಆಸ್ಪತ್ರೆಯಲ್ಲೇ ಆಗುತ್ತಿದ್ದರೂ ಬಾಣಂತಿಯರ ಸಾವು ಏಕೆ ನಿಲ್ಲುತ್ತಿಲ್ಲ?

ಪ್ರಶ್ನೆ: ಶಿಕ್ಷಕ, ಸುರಪುರ ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ನಾನು ಯಾದಗಿರಿ ಜಿಲ್ಲೆಯ ಸುರಪುರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕನಾಗಿದ್ದೇನೆ. ನಮ್ಮೂರಿನ ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತೆ ಸಮಿತಿಯ ಸಭೆಗಳಿಗೂ ಹೋಗುತ್ತೇನೆ. ಕಳೆದ ಮಳೆಗಾಲದಲ್ಲಿ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಎರಡನೆಯ ಹೆರಿಗೆಯಾದ ಕೆಲವೇ ಗಂಟೆಗಳಲ್ಲಿ ತೀರಿಕೊಂಡಳು. ಆಕೆ ಮನೆಯಲ್ಲಿ ಹೆತ್ತವಳಲ್ಲ. ನೋವು ಕಾಣಿಸಿಕೊಂಡ ಕೂಡಲೇ ಆಶಾ ಕಾರ್ಯಕರ್ತೆ ಜೊತೆಗಿದ್ದು ಆಸ್ಪತ್ರೆಗೆ ಕರೆದೊಯ್ದಿದ್ದರು. ಹೆರಿಗೆ ಸಹಜವಾಗಿಯೇ ಆಯಿತು, ಮಗು ಚೆನ್ನಾಗಿದೆ. ಆದರೆ ರಕ್ತಸ್ರಾವ ನಿಲ್ಲಲಿಲ್ಲ. ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಕಳುಹಿಸುತ್ತ ಹೋದರು. ಕೊನೆಗೆ ದಾರಿಯಲ್ಲಿಯೇ ಜೀವ ಹೋಯಿತು.

ಅಂದಿನಿಂದ ನಾನು ಈ ವಿಷಯವನ್ನು ಓದಿ ತಿಳಿಯಲು ಪ್ರಯತ್ನಿಸುತ್ತಿದ್ದೇನೆ. ಜನನ, ಮರಣಗಳ ಪ್ರಮಾಣವನ್ನು ಅಂದಾಜು ಮಾಡುವ ಸರ್ಕಾರದ ಮಾದರಿ ನೋಂದಣಿ ವ್ಯವಸ್ಥೆಯ ಲೆಕ್ಕದಂತೆ 2004–06ರಲ್ಲಿ ಕರ್ನಾಟಕದಲ್ಲಿ ಒಂದು ಲಕ್ಷ ಸಜೀವ ಜನನಕ್ಕೆ 213 ತಾಯಂದಿರು ಸಾಯುತ್ತಿದ್ದರು. 2018–20ರ ವೇಳೆಗೆ ಈ ಪ್ರಮಾಣ 69ಕ್ಕೆ ಇಳಿದಿತ್ತು. ಇದು ಸಣ್ಣ ಸಾಧನೆಯಲ್ಲ. ಆದರೆ ಅದೇ ಅವಧಿಯಲ್ಲಿ ಕೇರಳದ ಪ್ರಮಾಣ 19, ತೆಲಂಗಾಣದ್ದು 43, ಆಂಧ್ರಪ್ರದೇಶದ್ದು 45, ತಮಿಳುನಾಡಿನದು 54 ಇತ್ತು. ದಕ್ಷಿಣದ ಐದು ರಾಜ್ಯಗಳಲ್ಲಿ ನಾವೇ ಹಿಂದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತಿನ ಪ್ರಕಾರ ರಾಜ್ಯದ ಶೇ 97ರಷ್ಟು ಹೆರಿಗೆಗಳು ಆಸ್ಪತ್ರೆಯಲ್ಲಿಯೇ ಆಗುತ್ತಿವೆ. ರಾಜ್ಯದ ಸರಾಸರಿಯೇ ಹೀಗಿದ್ದರೆ, ರಾಜ್ಯದ ಪ್ರಾದೇಶಿಕ ಅಸಮತೋಲನವನ್ನು ಅಧ್ಯಯನ ಮಾಡಿದ ನಂಜುಂಡಪ್ಪ ಸಮಿತಿಯು 2002ರಲ್ಲಿ ಗುರುತಿಸಿದ ಅತ್ಯಂತ ಹಿಂದುಳಿದ 39 ತಾಲ್ಲೂಕುಗಳಲ್ಲಿ 21ನ್ನು ಹೊಂದಿರುವ ನಮ್ಮ ಕಲಬುರಗಿ ವಿಭಾಗದ ಸ್ಥಿತಿ ಏನಿರಬಹುದು ಎಂಬ ಚಿಂತೆ ನನ್ನನ್ನು ಬಿಡುತ್ತಿಲ್ಲ.

ನನ್ನ ಪ್ರಶ್ನೆಗಳು ಎರಡು. ಹೆಣ್ಣುಮಕ್ಕಳು ಆಸ್ಪತ್ರೆಯ ಬಾಗಿಲನ್ನು ತಲುಪಿದ ಮೇಲೂ ಸಾಯುತ್ತಿದ್ದಾರೆಂದರೆ ಕೊರತೆ ನಿಜವಾಗಿ ಎಲ್ಲಿದೆ? ವರ್ಷಕ್ಕೆ ಹೆಚ್ಚೆಂದರೆ ಹತ್ತು ಸಾವಿರ ರೂಪಾಯಿಯ ಮುಕ್ತ ನಿಧಿ ಇರುವ ಗ್ರಾಮ ಸಮಿತಿಯೊಂದು ಭಾಷಣ ಮತ್ತು ಜಾಥಾಗಳನ್ನು ಬಿಟ್ಟು, ಒಂದು ಜೀವವನ್ನಾದರೂ ಉಳಿಸಬಲ್ಲ ಯಾವ ಕೆಲಸವನ್ನು ಮಾಡಬಹುದು? ಕ್ಷೇತ್ರದಲ್ಲಿ ಕೆಲಸ ಮಾಡುವವರು ದಯವಿಟ್ಟು ಬಿಡಿಸಿ ಹೇಳಬೇಕು.

ಉತ್ತರ: ಪ್ರಸೂತಿ ತಜ್ಞೆ, ಕಲಬುರಗಿ

ಗುರುಗಳೇ, ನಿಮ್ಮ ವಿದ್ಯಾರ್ಥಿನಿಯ ವಿಷಯ ಓದಿ ಬಹಳ ಸಂಕಟವಾಯಿತು. ಆ ದಿನ ಏನು ತಪ್ಪಿತು ಎಂಬುದನ್ನು ಕಡತ ನೋಡದೆ ನಾನು ಹೇಳುವುದು ಸರಿಯಲ್ಲ. ಆದರೆ ನೀವು ವಿವರಿಸಿದ ಕ್ರಮ, ಎಂದರೆ ಸಹಜ ಹೆರಿಗೆ, ನಂತರದ ರಕ್ತಸ್ರಾವ, ಒಂದರ ಮೇಲೊಂದು ರೆಫರ್, ದಾರಿಯಲ್ಲಿ ಸಾವು, ನಮಗೆ ತೀರಾ ಪರಿಚಿತವಾದದ್ದು.

ಮಗು ಹೊರಬಂದು ಮಾಸು ಬಿದ್ದ ಮೇಲೆ ಗರ್ಭಕೋಶ ಗಟ್ಟಿಯಾಗಿ ಮುದುಡಿಕೊಳ್ಳಬೇಕು. ಮಾಸು ಅಂಟಿಕೊಂಡಿದ್ದ ಜಾಗದ ರಕ್ತನಾಳಗಳ ಬಾಯಿ ಮುಚ್ಚುವುದು ಈ ಮುದುಡುವಿಕೆಯಿಂದಲೇ. ತುಂಬು ಗರ್ಭದಲ್ಲಿ ನಿಮಿಷಕ್ಕೆ ಅರ್ಧ ಲೀಟರಿಗೂ ಹೆಚ್ಚು ರಕ್ತ ಗರ್ಭಕೋಶಕ್ಕೆ ಹರಿಯುತ್ತಿರುತ್ತದೆ. ಆದ್ದರಿಂದ ಅದು ಸಡಿಲವಾಗಿ ಉಳಿದರೆ, ಆರೋಗ್ಯವಂತ ಹೆಂಗಸು ಕೂಡ ಎರಡು ಗಂಟೆಯೊಳಗೆ ಕೈಮೀರಿ ಹೋಗಬಹುದು. ಇದನ್ನು ತಡೆಯಲು ಮಗು ಹುಟ್ಟಿದ ಒಂದು ನಿಮಿಷದೊಳಗೆ ತಾಯಿಗೆ ಆಕ್ಸಿಟೋಸಿನ್ ಚುಚ್ಚುಮದ್ದು ಕೊಡುವುದು ಎಲ್ಲ ಆಸ್ಪತ್ರೆಗಳಲ್ಲೂ ಕಡ್ಡಾಯವಾಗಿ ನಡೆಯಬೇಕಾದ ಕ್ರಮ.

ನಾನು ಮುಖ್ಯವೆಂದು ತಿಳಿಯುವ ಮಾತು ಈ ಮುಂದಿನದು. ರಕ್ತಸ್ರಾವಕ್ಕೆ ಮದ್ದಿಲ್ಲದೆ ಸಾಯುವವರಿಗಿಂತ, ರಕ್ತಸ್ರಾವ ಹೆಚ್ಚಾಗಿದೆ ಎಂಬುದು ಹೊತ್ತಿಗೆ ಸರಿಯಾಗಿ ಗೊತ್ತಾಗದೆ ಸಾಯುವವರೇ ಹೆಚ್ಚು ಎಂಬುದು ನನ್ನ ಅಭಿಪ್ರಾಯ. ಬಟ್ಟೆ, ಹತ್ತಿ, ನೆಲದ ಮೇಲೆ ಹರಡಿದ ರಕ್ತವನ್ನು ಕಣ್ಣಳತೆಯಲ್ಲಿ ಅಂದಾಜು ಮಾಡುವಾಗ ನಾವೆಲ್ಲರೂ ಕಡಿಮೆಯೇ ಹೇಳುತ್ತೇವೆ. ನಮ್ಮದೇ ಬೆಳಗಾವಿಯಲ್ಲಿ, ಹೆರಿಗೆಯಾದ ತಾಯಿಯ ಕೆಳಗೆ ಹಾಸುವ, ಅಳತೆಯ ಗೆರೆಗಳಿರುವ ಪ್ಲಾಸ್ಟಿಕ್ ಚೀಲವೊಂದನ್ನು ಸಂಶೋಧಕರು ಬಳಕೆಗೆ ತಂದರು. ಅದರಲ್ಲಿ ಅಳೆದ ರಕ್ತಕ್ಕೆ ಹೋಲಿಸಿದರೆ ಕಣ್ಣಳತೆಯ ಅಂದಾಜು ಸುಮಾರು ಮೂರನೆಯ ಒಂದರಷ್ಟು ಕಡಿಮೆಯಿತ್ತು ಎಂದು 2006ರಲ್ಲಿ ಅವರು ಪ್ರಕಟಿಸಿದರು. ಮುಂದೆ ಕೀನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ ಮತ್ತು ತಾಂಜಾನಿಯಾದ 80 ಆಸ್ಪತ್ರೆಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ತಾಯಂದಿರನ್ನು ಒಳಗೊಂಡ ‘ಇ-ಮೋಟಿವ್’ ಎಂಬ ಅಧ್ಯಯನ ನಡೆಯಿತು. ಇಂಥ ಅಳತೆಯ ಚೀಲದಿಂದ ರಕ್ತಸ್ರಾವವನ್ನು ಬೇಗ ಗುರುತಿಸಿ, ಗರ್ಭಕೋಶವನ್ನು ಉಜ್ಜುವುದು, ಆಕ್ಸಿಟೋಸಿನ್, ಹೆಪ್ಪುಗಟ್ಟಿದ ರಕ್ತ ಕರಗದಂತೆ ತಡೆಯುವ ಟ್ರಾನೆಕ್ಸಾಮಿಕ್ ಆಮ್ಲ, ಡ್ರಿಪ್, ಗಾಯದ ತಪಾಸಣೆ ಇವನ್ನು ಒಂದಾದ ಮೇಲೊಂದರಂತೆ ಕಾಯದೆ ಒಟ್ಟಿಗೇ ಆರಂಭಿಸಿದಾಗ, ತೀವ್ರ ರಕ್ತಸ್ರಾವ ಮತ್ತು ಅದರ ದುಷ್ಪರಿಣಾಮಗಳು ಶೇ 60ರಷ್ಟು ಕಡಿಮೆಯಾದವು. 2023ರಲ್ಲಿ ಈ ಫಲಿತಾಂಶ ಹೊರಬಂತು. ದೊಡ್ಡ ಯಂತ್ರಗಳು ಬೇಡದ ಇಂಥ ಕ್ರಮ ನಮ್ಮ ಪ್ರತಿ ಹೆರಿಗೆ ಕೋಣೆಯಲ್ಲೂ ದಿನನಿತ್ಯದ ಅಭ್ಯಾಸವಾಗಬೇಕು.

ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿಯೇ ನಡೆದ ಇನ್ನೊಂದು ಅಧ್ಯಯನವೂ 2006ರಲ್ಲಿ ಪ್ರಕಟವಾಯಿತು. ಅದರಲ್ಲಿ 1620 ಮಹಿಳೆಯರು ಭಾಗವಹಿಸಿದ್ದರು. ಹೆರಿಗೆಯಾದ ಕೂಡಲೇ ಕಿರಿಯ ಆರೋಗ್ಯ ಸಹಾಯಕಿಯರು ಗರ್ಭಕೋಶವನ್ನು ಮುದುಡಿಸುವ ಮಿಸೊಪ್ರೊಸ್ಟಾಲ್ ಮಾತ್ರೆಗಳನ್ನು ನುಂಗಿಸಿದಾಗ ಹೆಚ್ಚಿನ ರಕ್ತಸ್ರಾವದ ಪ್ರಮಾಣ ಶೇ 12ರಿಂದ ಶೇ 6.4ಕ್ಕೆ ಇಳಿಯಿತು. ಫ್ರಿಜ್ ಇಲ್ಲದ, ಚುಚ್ಚುಮದ್ದು ಕೊಡುವವರು ಸಿಗದ ಜಾಗಕ್ಕೆ ಈ ಮಾತ್ರೆ ದೊಡ್ಡ ಆಸರೆ. ಆದರೆ ಮಗು ಹೊಟ್ಟೆಯಲ್ಲಿರುವಾಗ ಈ ಪ್ರಮಾಣದಲ್ಲಿ ಕೊಟ್ಟರೆ ಗರ್ಭಕೋಶ ಹರಿಯುವ ಅಪಾಯವಿದೆ, ಆದ್ದರಿಂದ ಇದು ತರಬೇತಿ ಪಡೆದವರ ಕೈಯಲ್ಲಿ ಮಾತ್ರ ಇರಬೇಕು.

ಇನ್ನು ರಕ್ತಹೀನತೆ. ಅರ್ಧ ಲೀಟರ್ ರಕ್ತ ಹೋದರೆ ಹಿಮೋಗ್ಲೋಬಿನ್ 12 ಇರುವವಳು ತಡೆದುಕೊಳ್ಳುತ್ತಾಳೆ; 6 ಇರುವವಳು ತಡೆದುಕೊಳ್ಳಲಾರಳು. ಅದೇ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಗರ್ಭಿಣಿಯರಲ್ಲಿ ಶೇ 45.7ರಷ್ಟು ಮಂದಿಗೆ ರಕ್ತಹೀನತೆ ಇತ್ತು, ಹಿಂದಿನ ಸುತ್ತಿಗೂ ಇದಕ್ಕೂ ಹೆಚ್ಚುಕಡಿಮೆ ವ್ಯತ್ಯಾಸವೇ ಇಲ್ಲ. ಆಸ್ಪತ್ರೆಯ ಹೆರಿಗೆ ಹೆಚ್ಚಿದ ವೇಗದಲ್ಲಿ ರಕ್ತಹೀನತೆ ಇಳಿಯಲಿಲ್ಲ ಎಂಬುದೇ ನಿಮ್ಮ ಮೊದಲ ಪ್ರಶ್ನೆಗೆ ಅರ್ಧ ಉತ್ತರ. ಕಬ್ಬಿಣದ ಮಾತ್ರೆಯನ್ನು ಕೊಟ್ಟೆವು ಎಂದು ಪುಸ್ತಕದಲ್ಲಿ ಬರೆಯುವುದು ಬೇರೆ, ಆಕೆ 180 ದಿನ ನುಂಗಿದಳೇ ಎಂದು ನೋಡುವುದು ಬೇರೆ. ಮಾತ್ರೆಯಿಂದ ಮಲ ಕಪ್ಪಾಗುತ್ತದೆ, ಹೊಟ್ಟೆ ತೊಳಸುತ್ತದೆ. ಇದು ಸಹಜವೆಂದು ಯಾರೂ ಮೊದಲೇ ಹೇಳದಿದ್ದರೆ ಆಕೆ ನಾಲ್ಕೇ ದಿನಕ್ಕೆ ನಿಲ್ಲಿಸುತ್ತಾಳೆ. ಚಹಾದ ಜೊತೆ ಅಥವಾ ಚಹಾ ಕುಡಿದ ಕೂಡಲೇ ನುಂಗಿದರೆ ಕಬ್ಬಿಣ ಮೈಗೆ ಹತ್ತುವುದಿಲ್ಲ. ಏಳನೆಯ ತಿಂಗಳು ದಾಟಿಯೂ ಹಿಮೋಗ್ಲೋಬಿನ್ ಏರದಿದ್ದರೆ ಮಾತ್ರೆಯನ್ನೇ ನಂಬಿ ಕೂರದೆ ರಕ್ತನಾಳದ ಮೂಲಕ ಕಬ್ಬಿಣ ಕೊಡಿಸಬೇಕು. ಹಿಮೋಗ್ಲೋಬಿನ್ 7ಕ್ಕಿಂತ ಕೆಳಗಿದ್ದರೆ ದೊಡ್ಡ ಆಸ್ಪತ್ರೆಯ ವೈದ್ಯರ ಕೈಗೆ ಒಪ್ಪಿಸಬೇಕು.

ರಕ್ತದೊತ್ತಡದ ಬಗ್ಗೆ ಚಿಕ್ಕದಾಗಿ ಹೇಳಿಬಿಡುತ್ತೇನೆ. ಬಿಪಿ 140/90 ಅಥವಾ ಅದಕ್ಕಿಂತ ಹೆಚ್ಚಾಗಿ, ತಲೆನೋವು, ಕಣ್ಣು ಮಂಜಾಗುವುದು, ಎದೆಗುಂಡಿಗೆಯ ಕೆಳಗೆ ನೋವು ಕಾಣಿಸಿಕೊಂಡರೆ ಅದು ಫಿಟ್ಸ್‌ಗೆ ಮುನ್ಸೂಚನೆ. ಫಿಟ್ಸ್ ಬಂದವಳನ್ನು ದೇವರು ಮೈಮೇಲೆ ಬಂತೆಂದು ಕೂರಿಸಿಕೊಂಡ ಮನೆಗಳನ್ನು ನಾನು ಕಂಡಿದ್ದೇನೆ. ಫಿಟ್ಸ್ ತಡೆಯುವ ಮೆಗ್ನೀಸಿಯಂ ಸಲ್ಫೇಟಿನ ಮೊದಲ ಪ್ರಮಾಣವನ್ನು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ (ಪಿಎಚ್‌ಸಿ) ಕೊಟ್ಟು ನಂತರ ಕಳುಹಿಸಬೇಕು. ಹೆರಿಗೆಯಾದ ಮೇಲೂ ಈ ಅಪಾಯ ಕೆಲವು ದಿನ ಇರುತ್ತದೆ ಎಂಬುದನ್ನು ಬಹಳ ಮಂದಿ ಮರೆಯುತ್ತಾರೆ.

ಉತ್ತರ: ಶುಶ್ರೂಷಾಧಿಕಾರಿ, ರಾಯಚೂರು ಜಿಲ್ಲೆ

ಡಾಕ್ಟರ್ ಮೇಡಂ ಹೇಳಿದ್ದೆಲ್ಲವೂ ಸತ್ಯ. ಆದರೆ ಅದನ್ನು ರಾತ್ರಿ ಎರಡು ಗಂಟೆಗೆ ಮಾಡಬೇಕಾದವರ ಸ್ಥಿತಿಯನ್ನೂ ಗುರುಗಳು ತಿಳಿಯಬೇಕು. ನಮ್ಮಂಥ ದಿನದ 24 ಗಂಟೆಯ ಪಿಎಚ್‌ಸಿಯಲ್ಲಿ ರಾತ್ರಿ ಪಾಳಿಗೆ ಒಬ್ಬ ನರ್ಸ್, ಒಬ್ಬ ಗ್ರೂಪ್ ಡಿ ಸಿಬ್ಬಂದಿ ಇರುತ್ತಾರೆ. ರಕ್ತ ಹರಿಯಲು ಶುರುವಾದರೆ ಆ ಒಬ್ಬಳೇ ನರ್ಸ್ ಒಂದು ಕೈಯಲ್ಲಿ ಗರ್ಭಕೋಶವನ್ನು ಒತ್ತಿ ಹಿಡಿಯಬೇಕು, ಡ್ರಿಪ್ ಹಾಕಬೇಕು, ಇಂಜೆಕ್ಷನ್ ಕೊಡಬೇಕು, ಮೂತ್ರ ಹೊರತೆಗೆಯಲು ನಳಿಕೆ ಹಾಕಬೇಕು, 108ಕ್ಕೆ ಕರೆ ಮಾಡಬೇಕು, ಮನೆಯವರಿಗೆ ತಿಳಿಹೇಳಬೇಕು, ಮಗುವನ್ನೂ ನೋಡಿಕೊಳ್ಳಬೇಕು. ಹೆರಿಗೆ ನಡೆಯುವ ಪ್ರತಿ ಕೇಂದ್ರದಲ್ಲಿ ಪ್ರತಿ ಪಾಳಿಗೂ ತರಬೇತಿ ಪಡೆದ ಇಬ್ಬರು ಇರಬೇಕೆಂಬುದು ನನ್ನ ಮೊದಲ ಬೇಡಿಕೆ. ನಿಮ್ಮ ಸಮಿತಿ ಮತ್ತು ಪಂಚಾಯಿತಿ ಠರಾವು ಮಾಡಿ ಕೇಳಬೇಕಾದದ್ದೂ ಇದನ್ನೇ.

ಎರಡನೆಯದು ಫ್ರಿಜ್. ಆಕ್ಸಿಟೋಸಿನ್ 2ರಿಂದ 8 ಡಿಗ್ರಿ ಸೆಲ್ಸಿಯಸ್ ನಡುವೆ ಇರಬೇಕಾದ ಔಷಧಿ. ನಮ್ಮ ಕಡೆಯ ಬೇಸಿಗೆಯಲ್ಲಿ ಹೆರಿಗೆ ಕೋಣೆಯ ತಟ್ಟೆಯಲ್ಲಿ ದಿನಗಟ್ಟಲೆ ಬಿಟ್ಟ ಆಂಪೂಲಿನಲ್ಲಿ ಎಷ್ಟು ಶಕ್ತಿ ಉಳಿದಿರುತ್ತದೆಂದು ಯಾರೂ ಹೇಳಲಾರರು. ಇಂಜೆಕ್ಷನ್ ಕೊಟ್ಟರೂ ರಕ್ತ ನಿಲ್ಲಲಿಲ್ಲ ಎಂಬ ಪ್ರಕರಣಗಳಲ್ಲಿ ಇದನ್ನೂ ನೋಡಬೇಕು. ಸಮಿತಿಯವರು ಆಸ್ಪತ್ರೆಗೆ ಬಂದಾಗ ಗೋಡೆಯ ಬಣ್ಣ, ಶೌಚಾಲಯದ ಬಾಗಿಲು ನೋಡಿ ಹೋಗುತ್ತಾರೆ. ಆಕ್ಸಿಟೋಸಿನ್ ಎಲ್ಲಿಟ್ಟಿದ್ದೀರಿ, ಕರೆಂಟು ಹೋದರೆ ಏನು ವ್ಯವಸ್ಥೆ ಎಂದು ಕೇಳಿದ ಸದಸ್ಯರನ್ನು ನಾನು ಇನ್ನೂ ಕಂಡಿಲ್ಲ. ಆರೋಗ್ಯ ರಕ್ಷಾ ಸಮಿತಿಯ ಸಭೆಯಲ್ಲಿ ಇದನ್ನು ಕೇಳಲು ಯಾವ ಅಡ್ಡಿಯೂ ಇಲ್ಲ.

ಮೂರನೆಯದು ರೆಫರ್ ಮಾಡುವ ವಿಧಾನ. ತಾಲ್ಲೂಕು ಆಸ್ಪತ್ರೆಯಲ್ಲಿ ಅಂದು ಅರಿವಳಿಕೆ ತಜ್ಞರಿಲ್ಲ, ರಕ್ತವಿಲ್ಲ ಎಂದು ಗೊತ್ತಿದ್ದರೆ ಅಲ್ಲಿಗೆ ಕಳುಹಿಸುವುದರಿಂದ ಅಮೂಲ್ಯವಾದ ಸಮಯ ಹೋಗುತ್ತದೆ. ಫೋನ್ ಮಾಡಿ, ಯಾರಿದ್ದಾರೆ, ಏನಿದೆ ಎಂದು ಖಚಿತಪಡಿಸಿಕೊಂಡು ನೇರವಾಗಿ ಸಿದ್ಧವಿರುವ ಆಸ್ಪತ್ರೆಗೆ ಕಳುಹಿಸಬೇಕು; ಚೀಟಿಯಲ್ಲಿ ಹೆರಿಗೆಯಾದ ಗಂಟೆ, ಕೊಟ್ಟ ಔಷಧಿ, ಹೋದ ರಕ್ತದ ಅಂದಾಜು, ನಾಡಿ ಮತ್ತು ಬಿಪಿ ಬರೆದಿರಬೇಕು; ಸಾಧ್ಯವಿದ್ದರೆ ಸಿಬ್ಬಂದಿಯೊಬ್ಬರು ಜೊತೆಗೆ ಹೋಗಬೇಕು. ಟ್ರಾನೆಕ್ಸಾಮಿಕ್ ಆಮ್ಲ ಹೆರಿಗೆಯಾಗಿ ಮೂರು ಗಂಟೆಯೊಳಗೆ ಸಿಕ್ಕರೆ ಮಾತ್ರ ಪ್ರಯೋಜನ. ಮೂರು ಆಸ್ಪತ್ರೆ ಸುತ್ತುವವಳ ಮೂರು ಗಂಟೆ ಗಾಡಿಯಲ್ಲಿಯೇ ಮುಗಿದುಹೋಗುತ್ತದೆ.

ಮನೆಯವರಿಂದ ಆಗುವ ಎರಡು ತಪ್ಪುಗಳನ್ನೂ ಹೇಳಲೇಬೇಕು. ನೋವು ಬೇಗ ಬರಲೆಂದು ಊರಿನ ಅರ್ಹತೆಯಿಲ್ಲದ ವೈದ್ಯರಿಂದ ‘ನೋವಿನ ಇಂಜೆಕ್ಷನ್’ ಹಾಕಿಸಿಕೊಂಡು ಬರುತ್ತಾರೆ. ಅದರಿಂದ ಮಗುವಿಗೆ ಉಸಿರು ಕಟ್ಟಬಹುದು, ಗರ್ಭಕೋಶವೇ ಹರಿಯಬಹುದು. ಇನ್ನೊಂದು, ಹೆರಿಗೆಯಾದ ಮರುದಿನವೇ ಮನೆಗೆ ಕರೆದೊಯ್ಯುವುದು. ಸಹಜ ಹೆರಿಗೆಯಾದರೂ 48 ಗಂಟೆ ಆಸ್ಪತ್ರೆಯಲ್ಲಿ ಇರಬೇಕು. ಜನನಿ ಶಿಶು ಸುರಕ್ಷಾ ಕಾರ್ಯಕ್ರಮ 2011ರಲ್ಲಿಯೇ ಬಂದಿದೆ. ಅದರಂತೆ ಸಹಜ ಹೆರಿಗೆಗೆ ಮೂರು ದಿನ, ಸಿಸೇರಿಯನ್ ಆದರೆ ಏಳು ದಿನ ಊಟ, ಔಷಧಿ, ಪರೀಕ್ಷೆ, ರಕ್ತ, ಹೋಗಿ ಬರುವ ವಾಹನ ಎಲ್ಲವೂ ಉಚಿತ. ಆದರೂ ಅವಸರ ಮಾಡುತ್ತಾರೆ, ಏಕೆಂದರೆ ಮನೆಯಲ್ಲಿ ಮೊದಲನೆಯ ಮಗುವನ್ನೂ ದನಕರುಗಳನ್ನೂ ನೋಡಿಕೊಳ್ಳುವವರಿಲ್ಲ. ಆ ಎರಡು ದಿನ ಅಕ್ಕಪಕ್ಕದವರು ಆ ಮನೆಯನ್ನು ನೋಡಿಕೊಳ್ಳುವ ಏರ್ಪಾಡನ್ನು ಸರ್ಕಾರ ಮಾಡಲಾರದು, ಊರು ಮಾಡಬಲ್ಲದು.

ಪ್ರಶ್ನೆ ಕೇಳಿದವರು

ಮೇಡಂ ಅವರಿಗೂ ಸಿಸ್ಟರ್ ಅವರಿಗೂ ಅನಂತ ವಂದನೆಗಳು. ಇನ್ನೆರಡು ವಿಷಯ ಕೇಳಬೇಕಿದೆ. ರಕ್ತ ಬೇಕೆಂದಾಗ ನಮ್ಮ ಊರಿನ ಗಂಡಸರು ಹಿಂದೆ ಸರಿಯುತ್ತಾರೆ. ದುಡಿಯುವ ಮೈ, ರಕ್ತ ಕೊಟ್ಟರೆ ಶಕ್ತಿ ಹೋಗುತ್ತದೆ ಎನ್ನುತ್ತಾರೆ. ಹಾಗೆಯೇ, ಸುಗ್ಗಿ ಮುಗಿದ ಮೇಲೆ ನಮ್ಮ ಅನೇಕ ಕುಟುಂಬಗಳು ಕೂಲಿ ಅರಸಿ ಬೆಂಗಳೂರು, ಮುಂಬೈ ಕಡೆ ಗುಳೆ ಹೋಗುತ್ತವೆ. ಐದು ತಿಂಗಳ ಬಸುರಿಯಾಗಿ ಹೋದವಳು ತುಂಬಿದ ದಿನಗಳಲ್ಲಿ ತಿರುಗಿ ಬರುತ್ತಾಳೆ. ನಡುವೆ ಏನಾಯಿತೆಂದು ಆಶಾ ಅವರಿಗೂ ಗೊತ್ತಿರುವುದಿಲ್ಲ. ಇದಕ್ಕೆ ದಾರಿ ಏನು?

ಉತ್ತರ: ಶುಶ್ರೂಷಾಧಿಕಾರಿ, ರಾಯಚೂರು ಜಿಲ್ಲೆ

ಗುರುಗಳೇ, ರಕ್ತದ ವಿಷಯಕ್ಕೆ ಮಾತ್ರ ಉತ್ತರಿಸುತ್ತೇನೆ. ಆಪತ್ತಿನ ಹೊತ್ತಿನಲ್ಲಿ ದಾನಿಯನ್ನು ಹುಡುಕುವುದೇ ತಡ. ದಾನಿಯಿಂದ ತೆಗೆದ ರಕ್ತವನ್ನು ಪರೀಕ್ಷಿಸಿ, ಹೊಂದಾಣಿಕೆ ನೋಡಿ ಕೊಡಬೇಕು. ರಕ್ತ ಮೊದಲೇ ಸಂಗ್ರಹದಲ್ಲಿದ್ದರೆ ಮಾತ್ರ ತಾಯಿ ಉಳಿಯುತ್ತಾಳೆ. ಆದ್ದರಿಂದ ಸಂತೆಯ ದಿನವೋ ಜಾತ್ರೆಯ ದಿನವೋ ನೋಡಿ ರಕ್ತನಿಧಿಯವರನ್ನು ಊರಿಗೆ ಕರೆಸಿ ಶಿಬಿರ ಮಾಡಿಸಿರಿ. 18ರಿಂದ 65 ವರ್ಷದೊಳಗಿನ, ಕನಿಷ್ಠ 45 ಕೆಜಿ ತೂಕವಿರುವ, ಹಿಮೋಗ್ಲೋಬಿನ್ 12.5ಕ್ಕಿಂತ ಕಡಿಮೆಯಿಲ್ಲದ ಆರೋಗ್ಯವಂತರು ಕೊಡಬಹುದು. ಗಂಡಸರು ಮೂರು ತಿಂಗಳಿಗೊಮ್ಮೆ ಕೊಟ್ಟರೂ ತೊಂದರೆಯಿಲ್ಲ. ಮೊದಲು ಶಿಕ್ಷಕರು, ಪಂಚಾಯಿತಿ ಸದಸ್ಯರು ಮಲಗಿ ರಕ್ತ ಕೊಟ್ಟರೆ ಉಳಿದವರ ಅಂಜಿಕೆ ಹೋಗುತ್ತದೆ. ನಿಮ್ಮ ತಾಲ್ಲೂಕು ಆಸ್ಪತ್ರೆಯ ರಕ್ತ ಸಂಗ್ರಹ ಘಟಕ ನಡೆಯುತ್ತಿದೆಯೇ, ಅಥವಾ ಬೀಗ ಹಾಕಿದೆಯೇ ಎಂಬುದನ್ನೂ ವಿಚಾರಿಸಿರಿ.

ಉತ್ತರ: ವಲಸೆ ಕಾರ್ಮಿಕರ ನಡುವೆ ಕೆಲಸ ಮಾಡುವವಳು, ಬೆಂಗಳೂರು

ಗುಳೆಯ ವಿಷಯ ಬಂದದ್ದರಿಂದ ಬರೆಯುತ್ತಿದ್ದೇನೆ. ಕಟ್ಟಡಗಳು ಏಳುವ ಕಡೆಯ ತಗಡಿನ ಶೆಡ್ಡುಗಳಲ್ಲಿ ಯಾದಗಿರಿ, ರಾಯಚೂರು, ಕೊಪ್ಪಳದ ಗರ್ಭಿಣಿಯರನ್ನು ನಾನು ಪ್ರತಿ ವರ್ಷ ಕಾಣುತ್ತೇನೆ. ತಪಾಸಣೆಯ ವಿವರ ಬರೆಯುವ ಅವರ ತಾಯಿ ಕಾರ್ಡ್ ಊರಿನ ಪೆಟ್ಟಿಗೆಯಲ್ಲಿರುತ್ತದೆ. ಇಲ್ಲಿಯ ಆಶಾ ಅವರ ಮನೆಗಳ ಪಟ್ಟಿಯಲ್ಲಿ ಶೆಡ್ಡು ಇರುವುದಿಲ್ಲ. ಇಂದು ಇಲ್ಲಿದ್ದ ಶೆಡ್ಡು ಕೆಲಸ ಮುಗಿದರೆ ಮುಂದಿನ ತಿಂಗಳು ನಗರದ ಇನ್ನೊಂದು ತುದಿಯಲ್ಲಿರುತ್ತದೆ. ಹಗಲು ಆಸ್ಪತ್ರೆಗೆ ಹೋದರೆ ಆ ದಿನದ ಕೂಲಿ ಹೋಗುತ್ತದೆ, ಜೊತೆಗೆ ಹೋದ ಗಂಡನ ಕೂಲಿಯೂ ಹೋಗುತ್ತದೆ. ಚಿಕಿತ್ಸೆ ಉಚಿತವಾದರೂ ಆಸ್ಪತ್ರೆಯ ದಾರಿ ಉಚಿತವಲ್ಲ ಎಂಬುದನ್ನು ಯೋಜನೆ ಮಾಡುವವರು ಗಮನಿಸುವುದೇ ಇಲ್ಲ.

ಗುಳೆ ಹೋಗದ ಮನೆಗಳಲ್ಲೂ ಇಂಥದೇ ಒಂದು ಬಿರುಕು ಇದೆ. ನಮ್ಮಲ್ಲಿ ಚೊಚ್ಚಲ ಹೆರಿಗೆ ತವರಿನಲ್ಲಿ. ಗಂಡನ ಊರಿನಲ್ಲಿ ನೋಂದಾಯಿಸಿಕೊಂಡವಳು ಕುಬಸದ (ಸೀಮಂತದ) ಕಾರ್ಯ ಮುಗಿಸಿ ಏಳು ಅಥವಾ ಒಂಬತ್ತನೆಯ ತಿಂಗಳಲ್ಲಿ ತವರಿಗೆ ಹೋಗುತ್ತಾಳೆ. ಅತ್ತೆಮನೆಯ ಊರಿನ ಆಶಾ ಆಕೆ ಹೋದಳೆಂದು ಪುಸ್ತಕ ಮುಚ್ಚುತ್ತಾರೆ, ತವರಿನ ಆಶಾ ಅವರಿಗೆ ಆಕೆ ಬಂದದ್ದು ನೋವು ಶುರುವಾದಾಗ ತಿಳಿಯುತ್ತದೆ. ಅಪಾಯ ಹೆಚ್ಚಾಗಿರುವ ಎರಡು ತಿಂಗಳು ಆಕೆ ಯಾರ ಲೆಕ್ಕದಲ್ಲಿಯೂ ಇರುವುದಿಲ್ಲ. ತವರಿನಲ್ಲಿ ಬಾಣಂತನ ಮಾಡಿಸುವ ನಮ್ಮ ಪದ್ಧತಿ ಒಳ್ಳೆಯದು, ಅವಳಿಗೆ ವಿಶ್ರಾಂತಿಯನ್ನೂ ತಾಯಿಯ ಆರೈಕೆಯನ್ನೂ ಕೊಡುವಂಥದು. ಅದನ್ನು ಬಿಡಬೇಕೆಂದು ನಾನು ಹೇಳುವುದಿಲ್ಲ, ವ್ಯವಸ್ಥೆ ಅವಳ ಹಿಂದೆ ತವರಿಗೂ ಹೋಗಬೇಕು.

ಗುಳೆಗೋ ತವರಿಗೋ ಹೊರಡುವ ಪ್ರತಿ ಗರ್ಭಿಣಿಯ ತಾಯಿ ಕಾರ್ಡಿನಲ್ಲಿ ರಕ್ತದ ಗುಂಪು, ಕೊನೆಯ ಹಿಮೋಗ್ಲೋಬಿನ್, ಬಿಪಿ, ಹಿಂದೆ ಸಿಸೇರಿಯನ್ ಆಗಿದೆಯೇ ಎಂಬುದು ತುಂಬಿದೆಯೇ ಎಂದು ನಿಮ್ಮ ಸಮಿತಿ ನೋಡಬಹುದು. ಕಾರ್ಡಿನ ಫೋಟೊವನ್ನು ಗಂಡನ ಫೋನಿನಲ್ಲಿ ಹಾಕಿಸಬಹುದು. ನಿಮ್ಮ ಆಶಾ ಅವರು ಆಕೆ ಹೋಗುವ ಊರಿನ ಆಶಾ ಅಥವಾ ಪ್ರಾಥಮಿಕ ಆರೋಗ್ಯ ಸುರಕ್ಷಣಾಧಿಕಾರಿಗೆ ಒಂದು ಕರೆ ಮಾಡಿ ಹೆಸರು ಒಪ್ಪಿಸಬಹುದು. ಪ್ರತಿ ತಿಂಗಳ 9ರಂದು ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಡಿ ಸರ್ಕಾರಿ ಆಸ್ಪತ್ರೆಗಳಲ್ಲಿ ವೈದ್ಯರಿಂದ ತಪಾಸಣೆ ಇರುತ್ತದೆ, ಯಾವ ಊರಿನವರಾದರೂ ಹೋಗಬಹುದು ಎಂದು ಹೊರಡುವ ಮುನ್ನವೇ ಹೇಳಿ ಕಳುಹಿಸಿರಿ. 2017ರ ಅಕ್ಟೋಬರಿನಲ್ಲಿ ಗರ್ಭಿಣಿ, ಬಾಣಂತಿಯರಿಗಾಗಿ ಆರಂಭವಾದ ಮಾತೃಪೂರ್ಣ ಯೋಜನೆಯ ಬಿಸಿಯೂಟವೂ ಅಂಗನವಾಡಿಗೆ ಹೋಗಿ ಉಣ್ಣಲು ಸಾಧ್ಯವಿರುವವರಿಗೆ ಸಿಕ್ಕಿತು. ಬೆಳಗಾಗುವ ಮೊದಲೇ ಹತ್ತಿ ಬಿಡಿಸಲು ಹೋಗುವವಳಿಗೆ ಅಂಗನವಾಡಿಯ ವೇಳೆ ಹೊಂದುವುದಿಲ್ಲ. ಆ ವೇಳೆಯ ಬಗ್ಗೆ ನಿಮ್ಮ ಊರಿನಲ್ಲೇ ಮಾತುಕತೆ ನಡೆಯಲಿ.

ಉತ್ತರ: ಚಾಮರಾಜನಗರ ಜಿಲ್ಲೆಯ ಓದುಗ

ಹಿಂದುಳಿದ ಪ್ರದೇಶವೆಂದರೆ ಉತ್ತರ ಕರ್ನಾಟಕ ಮಾತ್ರವಲ್ಲ. ಬಿಳಿಗಿರಿರಂಗನ ಬೆಟ್ಟ, ಮಲೆ ಮಹದೇಶ್ವರ ಬೆಟ್ಟದ ಕಡೆಯ ಕೆಲವು ಸೋಲಿಗರ ಹಾಡಿಗಳಿಗೆ ಇಂದಿಗೂ ಮಳೆಗಾಲದಲ್ಲಿ ವಾಹನ ಹೋಗುವುದು ಕಷ್ಟ, ಫೋನಿನ ಸಿಗ್ನಲ್ ಇಲ್ಲ, ರಾತ್ರಿ ಆನೆಯ ಭಯ. ಅಲ್ಲಿ 108 ಎಂಬುದು ಕರೆ ಹೋದರೆ ತಾನೇ ಬರುವುದು. ಇಂಥ ಕಡೆ ದಿನ ತುಂಬುವ ಮೊದಲೇ ಆಸ್ಪತ್ರೆಯ ಪಕ್ಕದಲ್ಲಿ ಬಂದು ಇರಲು ಒಂದು ಮನೆ ಬೇಕು. ಒಡಿಶಾದಲ್ಲಿ ‘ಮಾ ಗೃಹ’ ಎಂಬ ಹೆಸರಿನಲ್ಲಿ ಇಂಥ ಮನೆಗಳಿವೆ. ಜೊತೆಯಲ್ಲಿ ತಾಯಿಯೋ ಅತ್ತೆಯೋ ಇರಲು, ತಮ್ಮ ರಾಗಿ ತಾವೇ ಬೇಯಿಸಿಕೊಳ್ಳಲು ಅವಕಾಶವಿದ್ದರೆ ಮಾತ್ರ ನಮ್ಮ ಹೆಣ್ಣುಮಕ್ಕಳು ಅಲ್ಲಿ ನಿಲ್ಲುತ್ತಾರೆ. ಬರಿಯ ಹಾಸಿಗೆಗಳ ಕೋಣೆ ಕಟ್ಟಿದರೆ ಅದು ಖಾಲಿ ಬಿದ್ದಿರುತ್ತದೆ.

ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದಾಗ ನಾವೆಲ್ಲ ಸಂತೋಷಪಟ್ಟೆವು. ಒಂದು ಕಾಸನ್ನೂ ಕೇಳದೆ ಸಾವಿರಾರು ಹೆರಿಗೆ ಮಾಡಿಸಿದ ಮಹಾತಾಯಿ ಅವರು. ಅವರ ಕಾಲ ಮುಗಿಯಿತು, ಇನ್ನು ಮನೆಯ ಹೆರಿಗೆ ಬೇಡ ಎಂಬುದನ್ನು ನಾನು ಒಪ್ಪುತ್ತೇನೆ. ಆದರೆ ಸೂಲಗಿತ್ತಿಯ ಜೊತೆಗೆ ಹೆರಿಗೆ ಕೋಣೆಯಿಂದ ಹೊರಟುಹೋದದ್ದು ಯಾವುದು ಎಂದೂ ಯೋಚಿಸಬೇಕು: ಸೊಂಟ ನೀವುವ ಕೈ, ಹೆದರಬೇಡ ಎನ್ನುವ ಮಾತು, ಕುಕ್ಕರಗಾಲಿನಲ್ಲಿ ಕೂರಲು ಬಿಡುವ ತಿಳಿವಳಿಕೆ. ಆಸ್ಪತ್ರೆಯಲ್ಲಿ ಗದರಿಸಿಕೊಂಡು, ಹೊಡೆಸಿಕೊಂಡು ಬಂದವಳು ಎರಡನೆಯ ಸಲ ಕೊನೆಯ ಗಳಿಗೆಯವರೆಗೆ ಮನೆಯಲ್ಲೇ ನೋವು ತಿನ್ನುತ್ತಾಳೆ. ಆ ತಡವೂ ಜೀವ ತೆಗೆಯುತ್ತದೆ. ಹೆರಿಗೆ ಕೋಣೆಯಲ್ಲಿ ತಾಯಿಯ ಜೊತೆ ಅನುಭವವಿರುವ ಒಬ್ಬ ಹೆಂಗಸು ಇರಬಹುದೆಂದು ಕೇಂದ್ರ ಸರ್ಕಾರ 2016ರಲ್ಲಿಯೇ ಒಪ್ಪಿದೆ. ಜೊತೆಗಾರ್ತಿಯೂ ಬೇಕು, ಯಾವ ಭಂಗಿಯಲ್ಲಿ ಹೆರಬೇಕೆಂಬ ಆಯ್ಕೆಯೂ ತಾಯಿಯದೇ ಆಗಿರಬೇಕು ಎಂದು 2018ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಹಳೆಯ ಸೂಲಗಿತ್ತಿಯರನ್ನು ಈ ಜೊತೆಗಾರ್ತಿಯರನ್ನಾಗಿ ಗೌರವದಿಂದ ಒಳಗೆ ಕರೆದುಕೊಳ್ಳಲು ಖರ್ಚೇನೂ ಆಗುವುದಿಲ್ಲ. ಸಿಸ್ಟರ್ ಹೇಳಿದ ಎರಡನೆಯ ಜೊತೆ ಕೈಯ ಕೊರತೆಯನ್ನು ಅವರು ತುಂಬಲಾರರು, ಅದು ತರಬೇತಿ ಪಡೆದವರ ಕೆಲಸವೇ. ಆದರೆ ಒಳಗೆ ಇನ್ನೊಂದು ಜೊತೆ ಕಣ್ಣಿದ್ದರೆ ಸುಸ್ತಾಗಿ ಬಿಳಿಚಿಕೊಳ್ಳುತ್ತಿರುವ ಬಾಣಂತಿಯನ್ನು ಯಾರೂ ಗಮನಿಸದೆ ಬಿಡುವ ಸಂಭವ ಕಡಿಮೆಯಾಗುತ್ತದೆ.

ಉತ್ತರ: ನಿವೃತ್ತ ತಾಲ್ಲೂಕು ಆರೋಗ್ಯಾಧಿಕಾರಿ

ಶಿಕ್ಷಕ ಮಿತ್ರರೇ, ಎಲ್ಲರೂ ಮುಂದೆ ಆಗಬೇಕಾದದ್ದನ್ನು ಹೇಳಿದ್ದಾರೆ. ನಾನು ಆಗಿಹೋದ ಸಾವಿನ ಬಗ್ಗೆ ಬರೆಯುತ್ತೇನೆ, ಏಕೆಂದರೆ ಮುಂದಿನದನ್ನು ತಡೆಯಲು ಬೇಕಾದ ತಿಳಿವಳಿಕೆ ಬಹುಮಟ್ಟಿಗೆ ಅದರೊಳಗೇ ಇರುತ್ತದೆ.

ಗರ್ಭಿಣಿಯಾಗಿದ್ದಾಗ, ಹೆರಿಗೆಯಲ್ಲಿ ಅಥವಾ ಹೆರಿಗೆಯಾಗಿ 42 ದಿನಗಳೊಳಗೆ, ಗರ್ಭಧಾರಣೆಗೆ ಸಂಬಂಧಿಸಿದ ಕಾರಣದಿಂದ ಆಗುವ ಸಾವನ್ನು ತಾಯಿ ಮರಣವೆಂದು ಗಣಿಸಿ ವಿಮರ್ಶೆ ನಡೆಸಬೇಕೆಂಬ ನಿಯಮವಿದೆ. ಆಸ್ಪತ್ರೆಯ ಮಟ್ಟದಲ್ಲಿ ಒಂದು ವಿಮರ್ಶೆ, ಮನೆಗೆ ಹೋಗಿ ಕುಟುಂಬದವರಿಂದ ನಡೆದುದನ್ನೆಲ್ಲ ಕೇಳಿ ಬರೆದುಕೊಳ್ಳುವ ಇನ್ನೊಂದು ವಿಮರ್ಶೆ ಆಗಬೇಕು. ಆಯ್ದ ಪ್ರಕರಣಗಳು ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಸಭೆಗೆ ಬರುತ್ತವೆ. ಆ ಸಭೆಗೆ ಮೃತಳ ಬಂಧುಗಳನ್ನೂ ಕರೆಯಲು ಅವಕಾಶವಿದೆ. ಈ ಕೊನೆಯ ಮಾತು ಹಳ್ಳಿಯವರಿಗೆ ಗೊತ್ತೇ ಇಲ್ಲ. ನಿಮ್ಮ ವಿದ್ಯಾರ್ಥಿನಿಯ ಸಾವಿನ ವಿಮರ್ಶೆ ನಡೆದಿದೆಯೇ, ಮನೆಯವರ ಹೇಳಿಕೆ ಪಡೆದಿದ್ದಾರೆಯೇ, ಅದರಿಂದ ಯಾವ ಬದಲಾವಣೆಯನ್ನು ಸೂಚಿಸಲಾಯಿತು ಎಂದು ನಿಮ್ಮ ಸಮಿತಿಯು ತಾಲ್ಲೂಕು ಆರೋಗ್ಯಾಧಿಕಾರಿಗಳಿಗೆ ಲಿಖಿತವಾಗಿ ಕೇಳಲಿ.

ಕೇರಳದಲ್ಲಿ ಪ್ರಸೂತಿ ತಜ್ಞರ ಸಂಘವೇ ಮುಂದೆ ನಿಂತು 2004ರಿಂದ ಇಂಥ ಗೋಪ್ಯ ವಿಮರ್ಶೆ ನಡೆಸಿಕೊಂಡು ಬಂದಿದೆ. ಅಲ್ಲಿ ವೈದ್ಯರ ಹೆಸರೂ ಆಸ್ಪತ್ರೆಯ ಹೆಸರೂ ಇರುವುದಿಲ್ಲ. ಏನು ನಡೆಯಿತು, ಎಲ್ಲಿ ತಡವಾಯಿತು, ಏನನ್ನು ಬದಲಿಸಬಹುದು ಎಂಬುದಷ್ಟೇ ಇರುತ್ತದೆ. ಹೆಸರಿಲ್ಲದ್ದರಿಂದ ಸತ್ಯ ಹೊರಗೆ ಬರುತ್ತದೆ. ನಮ್ಮಲ್ಲಿ ಸಾವಾದ ಕೂಡಲೇ ಒಬ್ಬ ನರ್ಸಿನ ಅಮಾನತಾಗುತ್ತದೆ, ಆಶಾಳಿಗೆ ನೋಟಿಸ್ ಹೋಗುತ್ತದೆ. ಮುಂದಿನ ಸಲ ಎಲ್ಲರೂ ಕಾಗದಪತ್ರ ಸರಿಮಾಡಿಕೊಳ್ಳುತ್ತಾರೆ, ಹೆರಿಗೆ ಕೋಣೆ ಇದ್ದಂತೆಯೇ ಇರುತ್ತದೆ. ಹೆದರಿದ ಸಿಬ್ಬಂದಿ ಸ್ವಲ್ಪ ತೊಡಕು ಕಂಡರೂ ರೆಫರ್ ಮಾಡಿ ಕೈತೊಳೆದುಕೊಳ್ಳುವುದಕ್ಕೆ ಈ ಶಿಕ್ಷೆಯ ಪದ್ಧತಿಯೂ ಒಂದು ಕಾರಣವೆಂದು ನನ್ನ ಸೇವಾವಧಿಯ ಅನುಭವದಿಂದ ಹೇಳಬಲ್ಲೆ. 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಹಲವು ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡಾಗ ಸಂಶಯ ಹೋದದ್ದು ಡ್ರಿಪ್ ದ್ರಾವಣದ ಗುಣಮಟ್ಟದ ಕಡೆಗೆ. ಅಂಥ ಸಂದರ್ಭದಲ್ಲಿ ಹೆರಿಗೆ ಕೋಣೆಯ ನರ್ಸನ್ನು ಮಾತ್ರ ಹಿಡಿದು ಪ್ರಶ್ನಿಸಿದ್ದರೆ ಔಷಧಿ ಖರೀದಿ ಮತ್ತು ಪರೀಕ್ಷೆಯ ವ್ಯವಸ್ಥೆಯ ಕಡೆ ಯಾರ ಗಮನವೂ ಹೋಗುತ್ತಿರಲಿಲ್ಲ. ಉದ್ದೇಶಪೂರ್ವಕ ನಿರ್ಲಕ್ಷ್ಯಕ್ಕೆ ಶಿಕ್ಷೆಯಾಗಲಿ, ಆದರೆ ಅದರ ವಿಚಾರಣೆಯನ್ನು ಈ ವಿಮರ್ಶೆಯೊಡನೆ ಬೆರೆಸಬಾರದು.

ಇನ್ನೊಂದು ವಿಷಯ. ಬಾಣಂತಿ ಮನೆಗೆ ಬಂದ ಮೇಲೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೆಯ ದಿನ ಭೇಟಿ ಕೊಡಬೇಕು. ಈ ಭೇಟಿಗಳಲ್ಲಿ ಎಲ್ಲರ ಕಣ್ಣು ಮಗುವಿನ ತೂಕದ ಮೇಲೆಯೇ ಇರುತ್ತದೆ. ತಾಯಿಗೆ ಜ್ವರವಿದೆಯೇ, ಸ್ರಾವಕ್ಕೆ ದುರ್ವಾಸನೆ ಇದೆಯೇ, ಒಂದೇ ಕಾಲು ಊದಿದೆಯೇ, ತಲೆನೋವು ಇದೆಯೇ, ಹೊಲಿಗೆಯ ಜಾಗ ಹೇಗಿದೆ, ಬಾಣಂತಿಗೆ ನೀರು ಕೊಡಬಾರದೆಂದು ಮನೆಯವರು ತಡೆಯುತ್ತಿದ್ದಾರೆಯೇ, ಈ ಪ್ರಶ್ನೆಗಳನ್ನೂ ಕೇಳಲೇಬೇಕು. ನಿಮ್ಮ ಹತ್ತು ಸಾವಿರ ರೂಪಾಯಿಯಲ್ಲಿ ಆಶಾ ಅವರಿಗೆ ಒಂದು ಒಳ್ಳೆಯ ಡಿಜಿಟಲ್ ಬಿಪಿ ಯಂತ್ರ ಮತ್ತು ಥರ್ಮಾಮೀಟರ್ ಕೊಡಿಸಲು ಸಾಧ್ಯವೇ ಎಂದು ನಿಮ್ಮ ವೈದ್ಯಾಧಿಕಾರಿಗಳನ್ನು ಕೇಳಿ ನೋಡಿ. ಉಳಿದ ಹಣವನ್ನು 108 ತಡವಾದ ರಾತ್ರಿ ಊರಿನ ಜೀಪಿಗೆ ಡೀಸೆಲ್ ಹಾಕಿಸಲು ತೆಗೆದಿಡಿ, ಯಾವ ಜೀಪು, ಯಾರು ಓಡಿಸುವವರು, ಅವರ ಫೋನ್ ನಂಬರ್ ಏನು ಎಂಬುದನ್ನು ಅಂಗನವಾಡಿಯ ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಸಿರಿ.